ಧೂಳಿನ ಹೆಸರು ಹೇಳುವ ಬೆಳಕು

ನಮ್ಮ ಮನೆಗಳಲ್ಲಿ ದಶಕಗಳ ಕಾಲ ಉರಿದ ಟ್ಯೂಬ್‌ಲೈಟಿನ ಚರಿತ್ರೆಯಲ್ಲಿ ಒಂದು ಕಹಿ ಅಧ್ಯಾಯವಿದೆ. 1940ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳು ಕೊಳವೆಯ ಒಳಮೈಗೆ ಬಳಿಯುತ್ತಿದ್ದ ಬಿಳಿ ಪುಡಿಯಲ್ಲಿ ಬೆರಿಲಿಯಂ ಎಂಬ ಹಗುರ ಲೋಹದ ಸಂಯುಕ್ತ ಸೇರಿರುತ್ತಿತ್ತು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆ ದೀಪಗಳನ್ನು ತಯಾರಿಸುತ್ತಿದ್ದ ಕೆಲಸಗಾರರು, ಅವರಲ್ಲಿ ಬಹಳ ಮಂದಿ ತರುಣಿಯರು, ಏದುಸಿರು ಬಿಡುತ್ತ ದಿನೇ ದಿನೇ ಸೊರಗತೊಡಗಿದರು. ಕೆಲವರಿಗಂತೂ ಕೆಲಸ ಬಿಟ್ಟ ಎಷ್ಟೋ ಕಾಲದ ಮೇಲೆ ರೋಗ ತಲೆದೋರಿತು. 1946ರಲ್ಲಿ ವೈದ್ಯೆ ಹ್ಯಾರಿಯೆಟ್ ಹಾರ್ಡಿಯವರು ಸಹೋದ್ಯೋಗಿ ಟ್ಯಾಬರ್‌ಶಾ ಅವರೊಡನೆ ಅಂಥ 17 ಮಂದಿಯ ವಿವರ ಪ್ರಕಟಿಸಿದರು. 1949ರಲ್ಲಿ ದೀಪದ ಕಂಪನಿಗಳು ಬೆರಿಲಿಯಂ ಕೈಬಿಟ್ಟವು. ಆದರೆ ಪರಮಾಣು ಉದ್ಯಮಕ್ಕೆ ಅದು ಬೇಕೇ ಬೇಕಾಗಿತ್ತು.

ಹಾಗಾದರೆ ಗಾಳಿಯಲ್ಲಿ ಅದು ಎಷ್ಟಿದ್ದರೆ ಅಪಾಯವಿಲ್ಲ? ಅಮೆರಿಕದ ಪರಮಾಣು ಆಯೋಗ 1949ರಲ್ಲಿ ಒಪ್ಪಿಕೊಂಡ ಮಿತಿ, ಒಂದು ಘನಮೀಟರ್ ಗಾಳಿಗೆ 2 ಮೈಕ್ರೋಗ್ರಾಂ. ಐಸೆನ್‌ಬಡ್ ಮತ್ತು ಮ್ಯಾಕ್ಲ್ ಎಂಬಿಬ್ಬರು ಸಭೆಗೆ ಹೋಗುತ್ತ ಟ್ಯಾಕ್ಸಿಯಲ್ಲಿ ಕುಳಿತು ಅಂದಾಜಿನ ಮೇಲೆ ಹಾಕಿದ ಲೆಕ್ಕ ಅದು. 'ಟ್ಯಾಕ್ಸಿ ಮಿತಿ' ಎಂದೇ ಅದಕ್ಕೆ ಹೆಸರು ಬಿತ್ತು. ಕಡತದ ಟಿಪ್ಪಣಿ ಬರೆದು ಬದುಕುವ ನಮ್ಮಂಥ ಗುಮಾಸ್ತರಿಗೆ ಇದರಲ್ಲಿ ಅಚ್ಚರಿಯೇನಿಲ್ಲ: ತಾತ್ಕಾಲಿಕವೆಂದು ಬರೆದದ್ದೇ ಹೆಚ್ಚು ಕಾಲ ಬಾಳುತ್ತದೆ.

ಮಿತಿ ಗೊತ್ತುಮಾಡಿದರೆ ಸಾಲದು, ಅಳೆಯಲೂ ಬೇಕಲ್ಲ. ಗಾಳಿಯನ್ನು ಶೋಧಕ ಕಾಗದದ ಮೂಲಕ ಎಳೆದು, ಅದರ ಮೇಲೆ ಕೂತ ಧೂಳನ್ನು ಪ್ರಯೋಗಾಲಯಕ್ಕೆ ಕಳಿಸಿ ಕಾಯಬೇಕಿತ್ತು. ಉತ್ತರ ಬರುವಷ್ಟರಲ್ಲಿ ಆ ಗಾಳಿಯನ್ನು ಕೆಲಸಗಾರ ಉಸಿರಾಡಿ ಆಗಿರುತ್ತಿತ್ತು. ಧೂಳು ಗಾಳಿಯಲ್ಲಿರುವಾಗಲೇ ಅದರ ಹೆಸರು ತಿಳಿಯುವ ಬಗೆ ಇದೆಯೆ?

ಇದರ ಮೂಲ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಸಾರು ಉಕ್ಕಿ ಒಲೆಗೆ ಚೆಲ್ಲಿದಾಗ ಗ್ಯಾಸಿನ ನೀಲಿ ಜ್ವಾಲೆ ಹಳದಿಯಾಗುವುದನ್ನು ಗೃಹಿಣಿಯರೆಲ್ಲ ಬಲ್ಲರು. ಅದು ಉಪ್ಪಿನೊಳಗಿನ ಸೋಡಿಯಂ ತನ್ನ ಹೆಸರು ಹೇಳುವ ರೀತಿ. ದೀಪಾವಳಿಯ ಮತಾಪಿನ ಕೆಂಪು ಸ್ಟ್ರಾನ್ಷಿಯಂನದು, ಹಸಿರು ಬೇರಿಯಂನದು. ನಾವು ಬಿ.ಎಸ್‌ಸಿ. ತರಗತಿಯಲ್ಲಿ ಪ್ಲಾಟಿನಂ ತಂತಿಯನ್ನು ಜ್ವಾಲೆಗೆ ಹಿಡಿದು ಮಾಡಿದ ಪರೀಕ್ಷೆಯೂ ಇದೇ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಕಿರ್ಖಾಫ್ 1859-60ರಲ್ಲಿ ಆ ಬೆಳಕನ್ನು ಅಶ್ರಗದಿಂದ ಬಿಡಿಸಿ, ಪ್ರತಿ ಮೂಲವಸ್ತುವಿಗೂ ಅದರದೇ ಗೆರೆಗಳ ಸಾಲು ಉಂಟೆಂದು ತೋರಿಸಿದರು. ಸುಮಾರು ಹತ್ತು ಮೈಲಿ ದೂರದ ಮ್ಯಾನ್‌ಹೈಮಿನಲ್ಲಿ ಒಂದು ರಾತ್ರಿ ಬೆಂಕಿ ಬಿದ್ದಾಗ, ಅವರು ತಮ್ಮ ಕಿಟಕಿಯಿಂದಲೇ ಆ ಉರಿಯಲ್ಲಿ ಬೇರಿಯಂ, ಸ್ಟ್ರಾನ್ಷಿಯಂ ಇರುವುದನ್ನು ಕಂಡರೆಂದು ಹೇಳುತ್ತಾರೆ.

ಆದರೆ ಗಾಳಿಯ ಕಣವನ್ನು ತಂತಿಯಲ್ಲಿ ಹಿಡಿದು ಕಾಯಿಸುವುದೆಂತು? ಆ ಜ್ವಾಲೆಯ ಕೆಲಸಕ್ಕೆ ಒದಗಿದ್ದು ಲೇಸರ್. 1960ರ ಮೇ ತಿಂಗಳಲ್ಲಿ ಮೈಮನ್ ಕೆಂಪುಕಲ್ಲಿನ ಮೊದಲ ಲೇಸರನ್ನು ಬೆಳಗಿಸಿದರು. 1962ರಲ್ಲೇ ಬ್ರೆಕ್ ಮತ್ತು ಕ್ರಾಸ್ ಲೇಸರಿನಿಂದ ವಸ್ತುವನ್ನು ಆವಿಯಾಗಿಸಿ ಅದರ ಬೆಳಕನ್ನು ಓದುವ ಮಾತೆತ್ತಿದರು. ಲೇಸರಿನ ಮಿಡಿತವನ್ನು ಮಸೂರದಿಂದ ಒಂದು ಚುಕ್ಕೆಗೆ ಒಟ್ಟುಗೂಡಿಸಿದರೆ ಬರಿಯ ಗಾಳಿಯೇ ಸಿಡಿದು ಕಿಡಿಯಾಗುತ್ತದೆ. ಅದರ ತಾಪ ಹತ್ತು ಸಾವಿರ ಡಿಗ್ರಿ ಮೀರುವುದುಂಟು. ಆ ಚುಕ್ಕೆಯಲ್ಲಿ ಸಿಕ್ಕ ಧೂಳಿನ ಕಣ ಪರಮಾಣುಗಳಾಗಿ ಒಡೆದು ತನ್ನ ಬಣ್ಣಗಳನ್ನು ಬೀರುತ್ತದೆ.

ಇಲ್ಲೊಂದು ತೊಡಕು. ಕಿಡಿ ಹುಟ್ಟಿದ ಕ್ಷಣ ಅದರ ಬಿಳಿಯ ಝಳ ಎಲ್ಲ ಗೆರೆಗಳನ್ನೂ ನುಂಗಿಹಾಕುತ್ತದೆ. ಸೆಕೆಂಡಿನ ಕೆಲವೇ ದಶಲಕ್ಷಾಂಶ ಕಾಲ ಕಣ್ಣು ಮುಚ್ಚಿದ್ದು, ಝಳ ತಗ್ಗಿದ ಮೇಲೆ ನೋಡಬೇಕು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ರ‍್ಯಾಡ್ಜಿಮ್ಸ್ಕಿ, ಕ್ರೆಮರ್ಸ್ ಮತ್ತು ಅವರ ಸಂಗಡಿಗರು ಈ ಹದವನ್ನು ಸಾಧಿಸಿ, 1983ರಲ್ಲಿ ಗಾಳಿಯಲ್ಲಿ ತೇಲುವ ಕಣಗಳ ವಿಶ್ಲೇಷಣೆಯನ್ನು ಪ್ರಕಟಿಸಿದರು. ಅದೇ ವರ್ಷ ಅವರು ಈ ವಿಧಾನದಿಂದ ಗಾಳಿಯಲ್ಲಿನ ಬೆರಿಲಿಯಂ ಗುರುತಿಸಿದ್ದನ್ನೂ ವರದಿ ಮಾಡಿದರು. ಅಣ್ವಸ್ತ್ರ ತಯಾರಿಸಿದ ಊರಿನಲ್ಲೇ ಉಸಿರು ಕಾಯುವ ಉಪಾಯವೂ ಬೆಳೆಯಿತೆಂಬುದು ವಿಚಿತ್ರವೇ ಸರಿ.

ಈ ಕಿಡಿಗೂ ಮಿತಿಗಳಿವೆ. ಕಣ ಚುಕ್ಕೆಯಲ್ಲಿ ಸಿಕ್ಕದೆ ತಪ್ಪಿಸಿಕೊಂಡರೆ ಅದರ ಸುದ್ದಿಯಿಲ್ಲ. ಮೂಲವಸ್ತು ಯಾವುದೆಂದು ಹೇಳೀತು. ಅದು ಯಾವ ಸಂಯುಕ್ತದಲ್ಲಿತ್ತೆಂದು ಸುಲಭವಾಗಿ ಹೇಳದು.

ಮುಂದೆ ಈ ವಿದ್ಯೆ ಭೂಮಿಯನ್ನೂ ದಾಟಿತು. 2012ರ ಆಗಸ್ಟಿನಲ್ಲಿ ಕ್ಯೂರಿಯಾಸಿಟಿ ಎಂಬ ಬಂಡಿ ಮಂಗಳ ಗ್ರಹದ ಕಲ್ಲಿನ ಮೇಲೆ ಲೇಸರ್ ಹಾರಿಸಿ ಅದರ ಘಟಕಗಳನ್ನು ಓದಿತು. 2023ರ ಆಗಸ್ಟಿನಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ಬಂಡಿ ಚಂದ್ರನ ದಕ್ಷಿಣ ಧ್ರುವದ ಸಮೀಪದ ಮಣ್ಣಿನಲ್ಲಿ ಗಂಧಕವನ್ನು ಪತ್ತೆ ಮಾಡಿದ್ದೂ ಇಂಥದೇ ಉಪಕರಣದಿಂದ. ಅದು ಸಿದ್ಧವಾದದ್ದು ನಮ್ಮ ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ. ಪರಊರಿನಲ್ಲಿರುವ ನಮಗೆ ಆ ಸುದ್ದಿ ತಂದ ಹಿಗ್ಗು ಕಡಮೆಯದಲ್ಲ. ಆದರೂ ಚಂದ್ರನ ಗಂಧಕಕ್ಕಿಂತ ಕಾರ್ಖಾನೆಯ ಗಾಳಿಯ ಬೆರಿಲಿಯಮ್ಮೇ ದೊಡ್ಡ ಸುದ್ದಿಯೆಂದು ನಮ್ಮ ಎಣಿಕೆ.

ಆ ಟ್ಯಾಕ್ಸಿ ಮಿತಿ ಏನಾಯಿತೆಂದು ಓದುಗರು ಕೇಳಬಹುದು. 2 ಮೈಕ್ರೋಗ್ರಾಂ ಇರುವಲ್ಲಿಯೂ ರೋಗ ಬರುತ್ತದೆಂದು ಎಷ್ಟೋ ಕಾಲದಿಂದ ತಿಳಿದಿದ್ದರೂ, ಅಮೆರಿಕದ ಕಾರ್ಮಿಕ ಇಲಾಖೆ ಅದನ್ನು 0.2ಕ್ಕೆ ಇಳಿಸಿದ್ದು 2017ರಲ್ಲಿ, ಅಂದರೆ 68 ವರ್ಷಗಳ ಮೇಲೆ.