ಅಡಿನೈಲೇಟ್ ಕೈನೇಸ್

ಎರಡು ಎಡಿಪಿ ಅಣುಗಳಲ್ಲಿ ಒಂದರ ಫಾಸ್ಫೇಟ್ ಗುಂಪನ್ನು ತೆಗೆದು ಮತ್ತೊಂದಕ್ಕೆ ಜೋಡಿಸುವ ಕಿಣ್ವ. ಪಡೆದದ್ದು ಜೀವಕೋಶದ ಶಕ್ತಿವಾಹಕವಾದ ಎಟಿಪಿಯಾಗುತ್ತದೆ, ಕಳೆದುಕೊಂಡದ್ದು ಎಎಂಪಿಯಾಗುತ್ತದೆ. ಕ್ರಿಯೆ ಎರಡೂ ದಿಕ್ಕಿನಲ್ಲಿ ಹೆಚ್ಚುಕಡಿಮೆ ಸಮನಾಗಿ ನಡೆಯಬಲ್ಲದು. ಮೆಗ್ನೀಸಿಯಂ ಅಯಾನು ಇಲ್ಲದೆ ನಡೆಯದು. ಬ್ಯಾಕ್ಟೀರಿಯದಿಂದ ಮನುಷ್ಯನವರೆಗೆ ಎಲ್ಲ ಜೀವಿಗಳಲ್ಲೂ ಇದು ಕಂಡುಬರುತ್ತದೆ.

ಸಿಡ್ನಿ ಕೊಲೊವಿಕ್ ಮತ್ತು ಹರ್ಮನ್ ಕಾಲ್ಕರ್ 1943ರಲ್ಲಿ ಇದನ್ನು ಸ್ನಾಯುವಿನ ಸಾರದಲ್ಲಿ ಗುರುತಿಸಿ ವಿವರಿಸಿದರು. ಅವರ ಪ್ರಯೋಗದಲ್ಲಿ ಯೀಸ್ಟಿನ ಹೆಕ್ಸೊಕೈನೇಸ್ ಎಂಬ ಕಿಣ್ವ ಎಟಿಪಿಯ ತುದಿಯ ಫಾಸ್ಫೇಟನ್ನು ಮಾತ್ರ ಸಕ್ಕರೆಗೆ ಕೊಡುತ್ತಿತ್ತು. ಸ್ನಾಯುವಿನ ಪ್ರೋಟೀನೊಂದನ್ನು ಬೆರೆಸಿದಾಗ ಉಳಿದ ಎಡಿಪಿಯ ಫಾಸ್ಫೇಟೂ ಬಳಕೆಗೆ ಬಂತು. ಅದಕ್ಕೆ ಅವರಿಟ್ಟ ಹೆಸರು ಮಯೋಕೈನೇಸ್. ಆಮ್ಲದಲ್ಲಿ ಕಾಯಿಸಿದರೂ ಇದು ಕೆಡುತ್ತಿರಲಿಲ್ಲ. ಬಹುತೇಕ ಕಿಣ್ವಗಳು ಬಿಸಿಗೆ ಸೋಲುವುದನ್ನು ಬಲ್ಲವರಿಗೆ ಇದು ಅಚ್ಚರಿಯ ಗುಣ.

ಗಾತ್ರದಲ್ಲಿ ಕಿಣ್ವ ಚಿಕ್ಕದು. ಮನುಷ್ಯನ ಸ್ನಾಯುವಿನಲ್ಲಿರುವ ರೂಪದಲ್ಲಿ 194 ಅಮೈನೋ ಆಮ್ಲಗಳಿವೆ. ಚಲನೆ ಮಾತ್ರ ದೊಡ್ಡದು: ಎಡಿಪಿಯಂಥ ನ್ಯೂಕ್ಲಿಯೊಟೈಡುಗಳು ಬಂದು ಕೂತೊಡನೆ ಮುಚ್ಚಳದಂಥ ಭಾಗವೊಂದು ಅವುಗಳ ಮೇಲೆ ಬಾಗಿ ಮುಚ್ಚಿಕೊಳ್ಳುತ್ತದೆ. ಹಾಗೆ ಮುಚ್ಚದಿದ್ದರೆ ನೀರು ಒಳನುಗ್ಗಿ ಫಾಸ್ಫೇಟನ್ನು ತಾನೇ ಪಡೆದು, ಶಕ್ತಿ ವ್ಯರ್ಥವಾಗುತ್ತಿತ್ತು. ಪ್ರೋಟೀನಿನ ಚಲನೆಗೂ ಅದರ ಕೆಲಸಕ್ಕೂ ಇರುವ ಸಂಬಂಧವನ್ನು ಅರಿಯಲು ಇಷ್ಟು ಸೊಗಸಾದ ಮಾದರಿ ಅಪರೂಪ.

ಓಡುವಾಗ, ಭಾರ ಎತ್ತುವಾಗ ಸ್ನಾಯುವಿನ ಎಟಿಪಿ ಬೇಗ ಖರ್ಚಾಗಿ ಎಡಿಪಿ ಶೇಖರವಾಗುತ್ತದೆ. ಆ ಎಡಿಪಿಯಿಂದಲೇ ಒಂದಿಷ್ಟು ಎಟಿಪಿಯನ್ನು ಮರಳಿ ಪಡೆಯುವುದು ಈ ಕಿಣ್ವದ ಒಂದು ಉಪಕಾರ. ಅದಕ್ಕಿಂತ ಮುಖ್ಯವಾದದ್ದು ಇದು ಕೊಡುವ ಎಚ್ಚರಿಕೆ. ಜೀವಕೋಶದಲ್ಲಿ ಎಎಂಪಿ ಸಹಜವಾಗಿ ತೀರ ಕಡಿಮೆ. ಆದ್ದರಿಂದ ಎಟಿಪಿ ಸ್ವಲ್ಪವೇ ಇಳಿದರೂ ಎಎಂಪಿ ಹಲವು ಪಟ್ಟು ಏರುತ್ತದೆ. ಎಎಂಪಿಕೆ ಎಂಬ ಇನ್ನೊಂದು ಕಿಣ್ವ ಈ ಏರಿಕೆಯನ್ನು ಗ್ರಹಿಸಿ ಕೊಬ್ಬಿನ ಸಂಶ್ಲೇಷಣೆಯಂಥ ಖರ್ಚಿನ ಕೆಲಸಗಳನ್ನು ತಡೆಯುತ್ತದೆ, ಇಂಧನ ಉರಿಸುವ ಕ್ರಿಯೆಗಳನ್ನು ಚುರುಕುಗೊಳಿಸುತ್ತದೆ.

ಮನುಷ್ಯನಲ್ಲಿ ಇದರ 9 ರೂಪಗಳಿವೆ. ಕೋಶದ್ರವದಲ್ಲಿರುವ ಎಕೆ1 ಕೊರತೆಯಾದರೆ ಕೆಂಪು ರಕ್ತಕಣಗಳು ಬೇಗ ಒಡೆದು ರಕ್ತಹೀನತೆ ಬರಬಹುದು. ಮೈಟೊಕಾಂಡ್ರಿಯದ ಎರಡು ಪೊರೆಗಳ ನಡುವೆ ಇರುವ ಎಕೆ2 ಕೆಟ್ಟರೆ ಪರಿಣಾಮ ಘೋರ. ರೆಟಿಕ್ಯುಲರ್ ಡಿಸ್‌ಜೆನೆಸಿಸ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಗೆ ಈ ದೋಷವೇ ಕಾರಣವೆಂದು 2009ರಲ್ಲಿ ತಿಳಿಯಿತು. ಅಂಥ ಶಿಶುವಿನಲ್ಲಿ ಸೋಂಕನ್ನು ಎದುರಿಸುವ ಬಿಳಿ ರಕ್ತಕಣಗಳು ಬೆಳೆಯುವುದಿಲ್ಲ, ಕಿವಿಯೂ ಕೇಳುವುದಿಲ್ಲ. ರಕ್ತದ ಆಕರಕೋಶಗಳ ಕಸಿ ಮಗುವಿನ ಜೀವ ಉಳಿಸಬಲ್ಲದು. ಕಿವುಡು ಅದರಿಂದ ವಾಸಿಯಾಗದು.