ಕುಂಡದಲ್ಲಿ ಕಡಲು ದಾಟಿದ ಜೀಗುಜ್ಜೆ



ಕರಾವಳಿಯವರಿಗೆ ಜೀಗುಜ್ಜೆಯ ಪರಿಚಯ ಹೇಳಬೇಕಾಗಿಲ್ಲ. ದೀವಿ ಹಲಸು ಎಂದರೂ ಅದೇ. ಪೋಡಿ ಕರಿಯಲು, ಪಲ್ಯಕ್ಕೆ ಬಹಳ ಸೊಗಸು. ನಾವು ಬೆಳೆಸುವ ಜಾತಿಗೆ ಬೀಜವಿಲ್ಲ. ಬೇರಿನಿಂದ ಎದ್ದ ಮರಿಯನ್ನೇ ತೆಗೆದು ನೆಡಬೇಕು. ಬೀಜವಾದರೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಬಹುದು. ಇದನ್ನು ದೂರದ ಊರಿಗೆ ಒಯ್ಯಬೇಕಾದರೆ ಮಣ್ಣಿನ ಸಮೇತ ಹೊರಬೇಕು.

ಹಾಗೆ ಹೊತ್ತ ಕಥೆಯೊಂದಿದೆ, ಕೇಳಿ. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಇಂಗ್ಲಿಷರ ಕಬ್ಬಿನ ತೋಟಗಳಿದ್ದವು. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕದ ಗುಲಾಮರು. ಅವರ ಹೊಟ್ಟೆಗೆ ಅಗ್ಗದ ಆಹಾರ ಬೇಕೆಂದು ಧಣಿಗಳಿಗೆ ಜೀಗುಜ್ಜೆಯ ಮೇಲೆ ಕಣ್ಣು ಬಿತ್ತು. 1787ರ ಡಿಸೆಂಬರಿನಲ್ಲಿ ವಿಲಿಯಂ ಬ್ಲೈ ಎಂಬಾತ ‘ಬೌಂಟಿ’ ಹಡಗಿನಲ್ಲಿ ಟಹೀಟಿ ದ್ವೀಪಕ್ಕೆ ಹೊರಟ. ಈ ಮರ ಅಲ್ಲಿ ಹೇರಳ.

ಆ ಹಡಗಿನ ಎಲ್ಲಕ್ಕಿಂತ ದೊಡ್ಡ ಕೋಣೆ ಯಾರಿಗೆ ಗೊತ್ತೆ? ಗಿಡಗಳಿಗೆ! ಹಡಗು ಹೊಯ್ದಾಡಿದರೂ ಉರುಳದಂತೆ, ಹಲಗೆಯಲ್ಲಿ ಸಾಲು ಸಾಲು ತೂತು ಕೊರೆದು ಕುಂಡ ಕೂರಿಸಿದರು. ಗಾಳಿಗೆ ಕಿಂಡಿ ಬಿಟ್ಟರು. ನೆಲಕ್ಕೆ ಸೀಸದ ತಗಡು ಹೊದಿಸಿ, ಕುಂಡದಿಂದ ಬಸಿದ ನೀರು ಕೊಳವೆಯಲ್ಲಿಳಿದು ಕೆಳಗಿನ ತೊಟ್ಟಿಗೆ ಬೀಳುವಂತೆ ಮಾಡಿದರು. ಅದೇ ನೀರು ಮತ್ತೆ ಉಪಯೋಗಕ್ಕೆ. ನಾನು ಈ ಕಥೆಯಲ್ಲಿ ಮೆಚ್ಚುವುದು ಇದನ್ನೇ. ಸುತ್ತ ಎಷ್ಟೇ ಕಡಲಿದ್ದರೇನು, ಒಂದು ಚೊಂಬು ಸಿಹಿನೀರಿಗೆ ಬೆಲೆ ಕಟ್ಟಲಾದೀತೆ?

ಟಹೀಟಿಯಲ್ಲಿ ಐದು ತಿಂಗಳು ನಿಂತು, 1,015 ಗಿಡಗಳೊಡನೆ 1789ರ ಏಪ್ರಿಲಿನಲ್ಲಿ ಹೊರಟರು. ಅದೇ ತಿಂಗಳ 28ರಂದು ಖಲಾಸಿಗಳು ದಂಗೆಯೆದ್ದರು. ಬ್ಲೈಯನ್ನೂ ಇತರ 18 ಜನರನ್ನೂ ತೆರೆದ ದೋಣಿಗೆ ಇಳಿಸಿ, ಗಿಡಗಳನ್ನು ಕಡಲಿಗೆ ಎಸೆದುಬಿಟ್ಟರು.

ಬ್ಲೈ ಬದುಕಿ ಊರು ಸೇರಿದ. 1791ರಲ್ಲಿ ‘ಪ್ರಾವಿಡೆನ್ಸ್’ ಹಡಗಿನಲ್ಲಿ ಮತ್ತೆ ಹೊರಟ. ಈ ಸಲ ಗಿಡಕ್ಕೆ ನೀರು ಮೊದಲು, ಮನುಷ್ಯರಿಗೆ ಆಮೇಲೆ. ಖಲಾಸಿಗಳು ಬಾಯಾರಿ ಬಳಲಿದರು. ಅಷ್ಟಾದರೂ ಬಹಳ ಗಿಡಗಳು ದಾರಿಯಲ್ಲೇ ಸತ್ತವು. ಉಳಿದವು 1793ರಲ್ಲಿ ಸೇಂಟ್ ವಿನ್ಸೆಂಟ್, ಜಮೈಕಾ ದ್ವೀಪಗಳನ್ನು ಮುಟ್ಟಿದವು. ತಮಾಷೆ ನೋಡಿ, ಯಾರಿಗಾಗಿ ತಂದರೋ ಅವರಿಗೆ ಮೊದಮೊದಲು ಈ ಕಾಯಿ ರುಚಿಸಲೇ ಇಲ್ಲ. ತಿನ್ನುವವರನ್ನು ಯಾರೂ ಕೇಳಿರಲಿಲ್ಲವಲ್ಲ! ಈಗ ಅಲ್ಲಿನವರೇ ಅದನ್ನು ಕೆಂಡದಲ್ಲಿ ಸುಟ್ಟು ಇಷ್ಟಪಟ್ಟು ತಿನ್ನುತ್ತಾರೆ.

ನೀವೂ ಬೇರಿನ ಮರಿ ತಂದರೆ, ಕುಂಡದ ತೂತಿನ ಮೇಲೆ ಹಂಚಿನ ಚೂರಿಡಿ, ಮಣ್ಣಿಗೆ ಮರಳೂ ಹಳೆಯ ಗೊಬ್ಬರವೂ ಬೆರೆಸಿ, ನೆರಳಿನಲ್ಲಿಡಿ. ಹೊಸ ಎಲೆ ಬಂದು, ಮಳೆ ಹಿಡಿದ ಮೇಲೆ ನೆಲಕ್ಕೆ ಇಳಿಸಿ. ಬಸಿದ ನೀರು ಹಿತ್ತಲ ತೊಂಡೆ ಬಳ್ಳಿಗಾಯಿತು.