ಶಸ್ತ್ರಕ್ರಿಯೆಯ ತರುವಾಯ ದನಗಳ ನೋವು: ಸಾಕ್ಷ್ಯವಿಚಾರ

ಇತಿಹಾಸಕಾರನು ಸಾಮಾನ್ಯವಾಗಿ ಮಾತು ಬಲ್ಲವರ ಸಾಕ್ಷ್ಯವನ್ನು ಅವಲಂಬಿಸುತ್ತಾನೆ. ಶಾಸನವಾಗಲಿ, ಕಡತವಾಗಲಿ, ಪತ್ರವಾಗಲಿ, ಅದರ ಹಿಂದೆ ಯಾರೋ ಒಬ್ಬರ ನುಡಿಯಿರುತ್ತದೆ. ದನದ ನೋವಿಗೆ ಇಂತಹ ಆಧಾರವಿಲ್ಲ. ಅದನ್ನು ಕುರಿತು ಬರೆದವರೆಲ್ಲರೂ ನೋಡಿದವರು, ನೊಂದವರಲ್ಲ. ಆದುದರಿಂದ ಈ ವಿಷಯದ ಇತಿಹಾಸವೆಂದರೆ ಬಹುಮಟ್ಟಿಗೆ ನೋಡುವ ಕಣ್ಣಿನ ಇತಿಹಾಸವೇ ಆಗಿದೆ. ಅದರಲ್ಲಿಯೂ ಶಸ್ತ್ರಕ್ರಿಯೆ ಮುಗಿದ ಮೇಲಿನ ನೋವು ಈ ಕಣ್ಣಿಗೆ ಬಿದ್ದುದು ಬಹಳ ತಡವಾಗಿ. ಹೀಗೇಕಾಯಿತೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ದನಗಳ ಮೇಲಿನ ಕ್ರೌರ್ಯವನ್ನು ಅಪರಾಧವೆಂದು ಗಣಿಸಿದ ಬ್ರಿಟಿಷ್ ಕಾಯಿದೆ 1822ರದು. ಹೊಡೆತ ಹಿಂಸೆಗಳೇ ಅದರ ವಿಷಯ. ವೈದ್ಯನ ಕತ್ತಿಯ ಮಾತು ಅದರಲ್ಲಿಲ್ಲ. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರಿನ ಪ್ರಯೋಗವೂ ಮರುವರ್ಷ ಎಡಿನ್‌ಬರೋದಲ್ಲಿ ಕ್ಲೋರೋಫಾರಮ್ಮಿನ ಪ್ರಯೋಗವೂ ನಡೆದ ಮೇಲೆ, ಪಶುವೈದ್ಯರು ಸಹ ಅವುಗಳನ್ನು ಬಹುಬೇಗ ಪರೀಕ್ಷಿಸಿದರು. ಆದರೆ ಪ್ರಾಣಿಗಳ ಮೇಲಿನ ಕೆಲವು ಶಸ್ತ್ರಕ್ರಿಯೆಗಳಿಗೆ ಅರಿವಳಿಕೆ ಅವಶ್ಯವೆಂದು ಬ್ರಿಟನ್ನಿನ ಕಾನೂನು ವಿಧಿಸಿದ್ದು 1919ರಲ್ಲಿ. ನಡುವೆ ಎಪ್ಪತ್ತು ವರ್ಷಗಳಿಗೂ ಮೀರಿದ ಕಾಲ ಕಳೆದಿತ್ತು. ಆ ಕಾನೂನಿನ ದೃಷ್ಟಿ ಕೂಡ ಕತ್ತಿ ಆಡುವ ಗಳಿಗೆಗಷ್ಟೇ ಮೀಸಲು. ಮರುದಿನದ ಬೆಳಗು ಅದರ ಲೆಕ್ಕಕ್ಕೆ ಬಂದಿರಲಿಲ್ಲ.

ದನದ ದೇಹರಚನೆಯೂ ಈ ಅಲಕ್ಷ್ಯಕ್ಕೆ ಒದಗಿಬಂದಿತು. ದನವನ್ನು ಪೂರ್ಣ ಮೂರ್ಛೆಗೊಳಿಸಿ ಕೆಡವಿದರೆ ದೊಡ್ಡ ಹೊಟ್ಟೆಯಲ್ಲಿ ವಾಯು ತುಂಬಿ ಉಸಿರನ್ನು ಒತ್ತುತ್ತದೆ. ಮೇಲೆ ಉಕ್ಕಿಬಂದ ಮೇವಿನ ರಸ ಶ್ವಾಸಕೋಶವನ್ನು ಸೇರುವ ಭಯವೂ ಉಂಟು. ಆದುದರಿಂದ ಅನೇಕ ಶಸ್ತ್ರಕ್ರಿಯೆಗಳನ್ನು ದನ ನಿಂತಿರುವಂತೆಯೇ, ಆಯಾ ಭಾಗದ ನರಗಳನ್ನು ಮಾತ್ರ ಜಡಗೊಳಿಸಿ ನಡೆಸುವುದು ರೂಢಿಯಾಯಿತು. ಇದಕ್ಕೆ ಹೆಚ್ಚಾಗಿ ಬಳಕೆಗೆ ಬಂದ ಲಿಡೋಕೇನ್ ಎಂಬ ಔಷಧವನ್ನು ಸ್ವೀಡನ್ನಿನ ನಿಲ್ಸ್ ಲಾಫ್‌ಗ್ರೆನ್ 1943ರಲ್ಲಿ ಸಿದ್ಧಪಡಿಸಿದನು. ಅದರ ಪ್ರಭಾವ ಒಂದೆರಡು ಗಂಟೆಗಳ ಕಾಲ ನಿಲ್ಲುತ್ತದೆ. ವೈದ್ಯನು ಹೊಲಿಗೆ ಹಾಕಿ, ಕೈ ತೊಳೆದು ಹೊರಡುವಾಗ ಹಸು ಶಾಂತವಾಗಿ ನಿಂತಿರುತ್ತದೆ. ನೋವು ಎಚ್ಚರಗೊಳ್ಳುವುದು ಅವನು ಹೊರಟುಹೋದ ಮೇಲೆ. ಇದರ ಮೇಲೆ, ಹುಲಿ ತೋಳಗಳಿಗೆ ಆಹಾರವಾಗಿ ಬಂದ ಕುಲದ ಪ್ರಾಣಿ ತನ್ನ ದೌರ್ಬಲ್ಯವನ್ನು ಸುಲಭವಾಗಿ ತೋರಗೊಡದು. ಕೂಗಲಿಲ್ಲವಾದ್ದರಿಂದ ನೋಯಲಿಲ್ಲವೆಂದು ತೀರ್ಮಾನಿಸಿದವರು ಮೌನವನ್ನೇ ಸಾಕ್ಷ್ಯವೆಂದು ಎಣಿಸಿದರು. ಚರ್ಮವನ್ನು ಕೊಯ್ಯದೆ ಬೀಜದ ನರವನ್ನು ಹೊರಗಿನಿಂದಲೇ ಜಜ್ಜುವ ಬರ್ಡಿಜೋ ಇಕ್ಕಳದ ವಿಷಯದಲ್ಲಿಯೂ ಇದೇ ತರ್ಕ ನಡೆಯಿತು: ರಕ್ತ ಕಾಣದಿದ್ದಲ್ಲಿ ನೋವೂ ಕಾಣಲಿಲ್ಲ.

ಬ್ರಿಟನ್ನಿನ ಪಶುವೈದ್ಯರ ಅಭಿಪ್ರಾಯವನ್ನು ಸಂಗ್ರಹಿಸಿ 2006ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಈ ಸಂದರ್ಭದಲ್ಲಿ ಗಮನಾರ್ಹ. ನೋವುಶಾಮಕಗಳನ್ನು ಬಳಸದ ವೈದ್ಯರು ಅದೇ ಶಸ್ತ್ರಕ್ರಿಯೆಯ ನೋವಿಗೆ ಇತರರಿಗಿಂತ ಕಡಿಮೆ ಅಂಕಗಳನ್ನು ಕೊಟ್ಟಿದ್ದರು. ನೋವು ಕಡಿಮೆಯೆಂದು ಕಂಡದ್ದರಿಂದ ಔಷಧ ಕೊಡಲಿಲ್ಲವೋ, ಔಷಧ ಕೊಡದ ರೂಢಿಯಿಂದ ನೋವು ಕಡಿಮೆಯಾಗಿ ಕಂಡಿತೋ? ಕಾರಣಕಾರ್ಯಗಳ ಈ ತೊಡಕು ಇತಿಹಾಸದ ವಿದ್ಯಾರ್ಥಿಗೆ ಹೊಸದೇನಲ್ಲ.

ಸಾಕ್ಷ್ಯವನ್ನು ಕ್ರಮಬದ್ಧವಾಗಿ ಪರೀಕ್ಷಿಸಿದ ಶ್ಲಾಘ್ಯ ಪ್ರಯತ್ನವೊಂದು 2014ರಲ್ಲಿ ಬ್ರೆಜಿಲ್ ದೇಶದಿಂದ ಪ್ರಕಟವಾಯಿತು. ಬೊಟುಕಾಟುವಿನ ವಿದ್ವಾಂಸರು ಬೀಜ ತೆಗೆಸಿಕೊಂಡ 40 ನೆಲೋರ್ ಹೋರಿಗಳನ್ನು ಶಸ್ತ್ರಕ್ರಿಯೆಗೆ ಮುನ್ನ, ಅನಂತರ, ನೋವುಶಾಮಕವನ್ನು ಕೊಟ್ಟ ಮೇಲೆ, ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ಚಿತ್ರೀಕರಿಸಿದರು. ಯಾವ ಚಿತ್ರ ಯಾವ ಹೊತ್ತಿನದೆಂದು ತಿಳಿಯದ ವೀಕ್ಷಕರು ಅಂಕಗಳನ್ನು ಕೊಟ್ಟರು. ನಡಿಗೆ, ಹಿಂಡಿನೊಡನೆ ಒಡನಾಟ, ಚಟುವಟಿಕೆ, ಮೇವಿನ ಆಸಕ್ತಿ, ಇತರ ನಡವಳಿಕೆ ಎಂಬ ಐದು ಅಂಶಗಳಿಗೆ ತಲಾ 2ರಂತೆ ಒಟ್ಟು 10 ಅಂಕಗಳು. 4ನ್ನು ಮೀರಿದರೆ ಔಷಧ ಬೇಕೆಂದು ನಿರ್ಣಯ. ಮರುವರ್ಷ ಡೆನ್ಮಾರ್ಕಿನ ವಿದ್ವಾಂಸರು ಹಾಲು ಕರೆಯುವ ಹಸುಗಳಿಗಾಗಿ ಮತ್ತೊಂದು ಮಾನವನ್ನು ರಚಿಸಿ, ತಲೆ ಕಿವಿಗಳ ನಿಲುವನ್ನೂ ಮುಖಭಾವವನ್ನೂ ಬೆನ್ನಿನ ಗೂನನ್ನೂ ಲೆಕ್ಕಕ್ಕೆ ತಂದರು. ಪ್ರಾಸಂಗಿಕವಾಗಿ ಹೇಳಬಹುದಾದುದು: ನೆಲೋರ್ ತಳಿ ನಮ್ಮ ನೆರೆಯ ಆಂಧ್ರದ ಒಂಗೋಲು ದನಗಳ ಸಂತತಿ, ಅದರ ಹೆಸರೇ ನೆಲ್ಲೂರಿನದು.

ಈ ಐದು ಅಂಶಗಳನ್ನು ಓದಿದ ನಮ್ಮ ರೈತನು ಇದರಲ್ಲಿ ಹೊಸತೇನೆಂದು ಕೇಳಿಯಾನು. ಎತ್ತು ಮೇವು ಮುಟ್ಟದಿದ್ದರೆ, ಮೆಲುಕು ನಿಲ್ಲಿಸಿದರೆ, ಹಲ್ಲು ಕಡಿದರೆ, ಒಂಟಿಯಾಗಿ ನಿಂತರೆ ಅದಕ್ಕೆ ಸುಖವಿಲ್ಲವೆಂದು ಅವನು ಬಲ್ಲ. ಆದರೆ ಆ ಅರಿವು ಅವನ ಕೊಟ್ಟಿಗೆಯ ಹೊರಗೆ ಸಾಕ್ಷ್ಯವಾಗಿ ಸಲ್ಲುತ್ತಿರಲಿಲ್ಲ. ಅಂಕಗಳ ಮಾನದಿಂದಾದ ಲಾಭವೆಂದರೆ ಒಬ್ಬನು ಕಂಡದ್ದನ್ನು ಮತ್ತೊಬ್ಬನು ತಾಳೆ ನೋಡಬಲ್ಲನು. ರೈತನ ಕಣ್ಣನ್ನು ಅತಿಯಾಗಿ ಹೊಗಳುವುದೂ ಸಲ್ಲದು. ಅದೇ ಕೈ ಕಾದ ಕಬ್ಬಿಣದಿಂದ ಬರೆ ಹಾಕಿದೆ. ಯಾವ ಔಷಧವೂ ಇಲ್ಲದೆ ಮೂಗು ಚುಚ್ಚಿ ದಾರ ಪೋಣಿಸಿದೆ.

ನೋವು ಕಂಡ ಮೇಲೆ ಔಷಧ ಕೊಟ್ಟರಾಯಿತೆನ್ನುವಷ್ಟು ವಿಷಯ ಸುಲಭವಲ್ಲ. ಡೈಕ್ಲೊಫೆನಾಕ್ ಎಂಬ ಅಗ್ಗದ ನೋವುಶಾಮಕವು 1990ರ ದಶಕದಿಂದ ಭಾರತದ ದನಗಳಿಗೆ ಧಾರಾಳವಾಗಿ ದೊರೆಯಿತು. ಔಷಧ ಪಡೆದು ಸ್ವಲ್ಪ ಕಾಲದಲ್ಲೇ ಸತ್ತ ದನದ ಮಾಂಸವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಕಾರಣ ಪತ್ತೆಯಾದುದು 2004ರಲ್ಲಿ. ಅಷ್ಟರೊಳಗೆ ಬಿಳಿಬೆನ್ನಿನ ರಣಹದ್ದಿನ ಸಂತತಿ ಬಹುಪಾಲು ನಾಶವಾಗಿತ್ತು. ಅಳಿದುಳಿದ ಹದ್ದುಗಳ ರಕ್ಷಣೆಗಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ಅಭಯಧಾಮವಾಗಿ ಘೋಷಿಸಲಾಯಿತು. ಪಶುಗಳಿಗೆ ಆ ಔಷಧವನ್ನು ಭಾರತ ಸರಕಾರವು 2006ರಲ್ಲಿಯೇ ನಿಷೇಧಿಸಿತ್ತು. ಹದ್ದುಗಳಿಗೆ ಹಾನಿಮಾಡದ ಮೆಲಾಕ್ಸಿಕಾಂ ಅದಕ್ಕೆ ಬದಲಿಯಾಗಿ ಸೂಚಿತವಾಯಿತು. ಆದರೂ ಮನುಷ್ಯರಿಗಾಗಿ ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಬರುವುದು ನಿಲ್ಲಲಿಲ್ಲ. 2015ರಲ್ಲಿ ಚುಚ್ಚುಮದ್ದಿನ ಸೀಸೆಯ ಅಳತೆಯನ್ನೇ 3 ಮಿಲಿಲೀಟರಿಗೆ ಇಳಿಸಬೇಕಾಯಿತು.